ಗಡಾಯಿಕಲ್ಲು, ಟಿಪ್ಪು ಸುಲ್ತಾನ್ ಮತ್ತು ಗುರಿ ತಪ್ಪುವ ಬಾಣ



ಚುನಾವಣೆ ಘೋಷಣೆಯಾದ ವಾರ ನಮ್ಮ ಪಕ್ಕದ ತೋಟದ ಅಂಕಲ್ ತಮ್ಮ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೊರಟಿದ್ದರು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬುವ ಹಳೇ ಕೇಪಿನ ಕೋವಿ ಅದು. ಅದರ ಗುರಿ ಸರಿ ಇದೆಯಾ ಎಂದು ನಾನು ಕೇಳಿದೆ. ಅವರು ನಕ್ಕರು. ಮಳೆಗಾಲದಲ್ಲಿ ಮದ್ದು ತೇವವಾದರೆ ಹೊಟ್ಟುವುದೇ ಇಲ್ಲವಂತೆ, ಗುರಿಯೂ ಅಷ್ಟಕ್ಕಷ್ಟೇ ಅಂತೆ. ಆದರೆ ತೋಟಕ್ಕೆ ಬರುವ ಮಂಗಗಳನ್ನು ಓಡಿಸಲು ಸದ್ದೇ ಸಾಕಂತೆ. ಅಷ್ಟು ಕಡಿಮೆ ಬೆಲೆಯ ಕೋವಿಯಿಂದ ಅವರಿಗೆ ಬೇಕಾದದ್ದೂ ಅಷ್ಟೇ.

ಅದೇ ವಾರ ಭೌತಶಾಸ್ತ್ರದ ತರಗತಿಯಲ್ಲಿ ನ್ಯೂಟನ್ನನ ಮೂರನೇ ನಿಯಮದ ಪಾಠ ನಡೆಯಿತು. ರಾಕೆಟ್ಟಿನ ಉದಾಹರಣೆ ಬಂದಾಗ ಉಪನ್ಯಾಸಕರು ಟಿಪ್ಪು ಸುಲ್ತಾನರ ಹೆಸರು ಹೇಳಿದರು. ನನಗೆ ಅಂಕಲ್‌ನ ಕೋವಿ ನೆನಪಾಯಿತು. ಟಿಪ್ಪುವಿನ ಬಾಣ ನಿಜಕ್ಕೂ ಗುರಿ ಮುಟ್ಟುತ್ತಿತ್ತೇ? ಈ ಪ್ರಶ್ನೆ ಹಿಡಿದು ಅವರ ಜೀವನವನ್ನು ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ. ಬಾಣ ಅವರ ಮನೆಗೆ ಹೊಸತಲ್ಲ. ಅವರ ಅಜ್ಜ ಫತೇ ಮುಹಮ್ಮದ್ ಬಾಣ ಹಾರಿಸುವ ಸೈನಿಕರ ತುಕಡಿಯೊಂದರ ನಾಯಕರಾಗಿದ್ದರು. ತಂದೆ ಹೈದರ್ ಅಲಿ ಸಾಮಾನ್ಯ ಸೈನಿಕನಾಗಿ ಮೈಸೂರು ಸೇನೆಗೆ ಸೇರಿ, ತಮ್ಮ ಸಾಮರ್ಥ್ಯದಿಂದಲೇ ರಾಜ್ಯದ ಚುಕ್ಕಾಣಿ ಹಿಡಿದವರು. ಮಗ ಹದಿಹರೆಯದಲ್ಲೇ ಯುದ್ಧಭೂಮಿ ಕಂಡ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಈಸ್ಟ್ ಇಂಡಿಯಾ ಕಂಪೆನಿ ಪಡೆಯನ್ನು ಸೋಲಿಸಿದರು. ಕಂಪೆನಿಯ ಮದ್ದಿನ ಬಂಡಿಗಳು ಸ್ಫೋಟಗೊಂಡದ್ದೇ ಅಲ್ಲಿ ನಿರ್ಣಾಯಕವಾಯಿತು. ಬಾಣದ ಕಿಡಿ ತಾಗಿ ಹಾಗಾಯಿತೆಂದು ಹಲವರು ಹೇಳುತ್ತಾರೆ, ಫಿರಂಗಿಯ ಗುಂಡು ಬಿದ್ದು ಎಂದು ಹೇಳುವವರೂ ಇದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯಲ್ಲಿ ಈ ಯುದ್ಧದ ದೊಡ್ಡ ಚಿತ್ರವಿದೆ.

ಆ ಕಾಲದ ಆಯುಧಗಳನ್ನು ಒಂದೊಂದಾಗಿ ತೂಗಿ ನೋಡೋಣ. ಕಾಲಾಳುಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಕೋವಿ. ಅದರ ನಳಿಗೆಯೊಳಗೆ ಸುರುಳಿಯಾಕಾರದ ಗೆರೆಗಳಿರಲಿಲ್ಲ, ಆದ್ದರಿಂದ ಸುಮಾರು 100 ಮೀಟರ್ ದಾಟಿದ ಮೇಲೆ ಗುಂಡು ಎಲ್ಲಿ ಹೋಗುತ್ತದೆ ಎಂಬ ಭರವಸೆ ಇರಲಿಲ್ಲ. ಪಳಗಿದ ಸೈನಿಕನೂ ನಿಮಿಷಕ್ಕೆ ಎರಡು ಮೂರು ಈಡು ಮಾತ್ರ ಹೊಡೆಯಬಲ್ಲ. ಮಳೆ ಬಂದರೆ ಅದೂ ಇಲ್ಲ. ಫಿರಂಗಿ ಹೆಚ್ಚು ನಂಬಿಕೆಯದ್ದು, ಆದರೆ ಅದನ್ನು ಎಳೆಯಲು ಜೋಡಿ ಜೋಡಿ ಎತ್ತುಗಳು ಬೇಕು, ದಾರಿಯೂ ಬೇಕು.

ಬಾಣವಾದರೋ ಒಬ್ಬನೇ ಹೊತ್ತು ನಡೆಯುವಷ್ಟು ಹಗುರ. ಯುರೋಪಿನಲ್ಲಿ ಆಗ ರಾಕೆಟ್ಟಿಗೆ ಕಾಗದದ ಕೊಳವೆ ಬಳಸುತ್ತಿದ್ದರು. ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಕಬ್ಬಿಣ ಒಡೆಯದೆ ಹೆಚ್ಚು ಒತ್ತಡ ತಡೆಯುತ್ತದೆ, ಒತ್ತಡ ಹೆಚ್ಚಿದಷ್ಟೂ ಅನಿಲ ವೇಗವಾಗಿ ಹಿಂದಕ್ಕೆ ಚಿಮ್ಮುತ್ತದೆ, ಬಾಣ ಅಷ್ಟೇ ಬಲವಾಗಿ ಮುಂದಕ್ಕೆ ಹೋಗುತ್ತದೆ. ಹೀಗೆ ಅದು ಒಂದು ಕಿಲೋಮೀಟರಿನಷ್ಟು ದೂರ ಹಾರುತ್ತಿತ್ತು. ದಿಕ್ಕು ಕಾಯಲು ಉದ್ದದ ಬಿದಿರು ಕಟ್ಟುತ್ತಿದ್ದರು, ಕೆಲವಕ್ಕೆ ಕತ್ತಿಯನ್ನೇ ಕಟ್ಟುತ್ತಿದ್ದರು.

ಆದರೆ ಗುರಿ? ಅದೇ ಅದರ ದೊಡ್ಡ ಕೊರತೆ. ಗಾಳಿ ಬೀಸಿದರೆ ವಾಲುತ್ತಿತ್ತು, ಬಿದಿರು ಸ್ವಲ್ಪ ಡೊಂಕಿದ್ದರೆ ದಾರಿ ತಪ್ಪುತ್ತಿತ್ತು. ಒಬ್ಬ ಮನುಷ್ಯನಿಗೆ ಗುರಿ ಇಟ್ಟು ಹೊಡೆಯುವ ಆಯುಧ ಅದಲ್ಲ. ಟಿಪ್ಪುವಿಗೆ ಇದು ಗೊತ್ತಿತ್ತೆಂದು ಅವರ ಏರ್ಪಾಡುಗಳೇ ಹೇಳುತ್ತವೆ. ಒಂದು ಬಾಣದ ಬದಲು ಅನೇಕ ಬಾಣಗಳನ್ನು ಒಟ್ಟಿಗೆ ಹಾರಿಸಲು ಗಾಲಿಯ ಬಂಡಿಗಳನ್ನು ಮಾಡಿಸಿದರು. ಕೊಳವೆಯ ಅಳತೆ ಮತ್ತು ಶತ್ರುವಿನ ದೂರ ನೋಡಿ ಯಾವ ಕೋನದಲ್ಲಿ ಹಾರಿಸಬೇಕೆಂದು ಸೈನಿಕರಿಗೆ ತರಬೇತಿ ಕೊಡಿಸಿದರು. ಫತ್‌ಹುಲ್ ಮುಜಾಹಿದೀನ್ ಎಂಬ ಸೇನಾ ಕೈಪಿಡಿಯಲ್ಲಿ ಪ್ರತಿ ಕುಷೂನ್ ಪಡೆಗೆ 200 ಬಾಣಗಾರರನ್ನು ನಿಗದಿ ಮಾಡಲಾಗಿತ್ತು. ಗುಂಪಾಗಿ ನಿಂತ ಸೈನ್ಯದ ಮೇಲೆ, ಕುದುರೆಗಳ ನಡುವೆ, ಮದ್ದಿನ ಬಂಡಿಗಳ ಕಡೆಗೆ ನೂರಾರು ಬಾಣ ಬಂದರೆ ಒಂದೊಂದರ ಗುರಿಯ ಪ್ರಶ್ನೆ ಬರುವುದಿಲ್ಲ. ಅಂಕಲ್‌ನ ಕೋವಿಯ ಲೆಕ್ಕವೇ ಇಲ್ಲಿಯೂ ಇತ್ತು: ಯಾವ ಕೆಲಸಕ್ಕೆ ಎಂಬುದು ಮೊದಲು ಗೊತ್ತಿರಬೇಕು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ಮಲಬಾರಿನಲ್ಲಿದ್ದರು. ಅಧಿಕಾರ ವಹಿಸಿಕೊಂಡು ಮರುವರ್ಷ ಮಂಗಳೂರಿನ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿದರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. 1794ರಲ್ಲಿ ನಮ್ಮ ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಕೋಟೆ ಕಟ್ಟಿಸಿದರು. ತಾಯಿ ಜಮಾಲ್ ಬೀ ಅವರ ನೆನಪಿಗೆ ಅದಕ್ಕೆ ಜಮಾಲಾಬಾದ್ ಎಂದು ಹೆಸರಿಟ್ಟರೆಂದು ಹೇಳುತ್ತಾರೆ.

ಇಲ್ಲಿಯವರೆಗೆ ಬರೆದು ಅಂಕಲ್‌ನ ಮಗನಿಗೆ ತೋರಿಸಿದೆ. ಅವನು ನನ್ನ ಗೆಳೆಯ, ಕ್ಯಾಥೊಲಿಕ್ ಮನೆಯವನು. ಎಲ್ಲ ಓದಿ, 1784ರ ಮಾತು ಬರೆಯುವುದಿಲ್ಲವೇ ಎಂದು ಮೆಲ್ಲನೆ ಕೇಳಿದ. ನನಗೆ ನಾಚಿಕೆಯಾಯಿತು. ಆ ವರ್ಷ, ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಸೆರೆ ಹಿಡಿಸಿ ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಚರ್ಚ್‌ಗಳನ್ನು ಕೆಡವಲಾಯಿತು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಉಳಿದವರು 1799ರ ನಂತರವೇ ಊರಿಗೆ ಮರಳಿದರು. ಕೊಡಗಿನವರಿಗೂ ಇಂಥದೇ ನೋವಿನ ನೆನಪಿದೆ. ಇದೇ ಟಿಪ್ಪು, 1791ರಲ್ಲಿ ಮರಾಠಾ ಪಡೆಯವರು ಶೃಂಗೇರಿ ಮಠವನ್ನು ದೋಚಿದಾಗ, ಸ್ವಾಮಿಗಳಿಗೆ ಗೌರವದ ಪತ್ರ ಬರೆದು ನೆರವು ಕಳುಹಿಸಿದರು. ಎರಡೂ ನಡೆದ ಸಂಗತಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

1792ರ ಸೋಲು ಟಿಪ್ಪುವಿನ ಅರ್ಧ ರಾಜ್ಯವನ್ನು, 3 ಕೋಟಿ 30 ಲಕ್ಷ ರೂಪಾಯಿಯನ್ನು ಕೇಳಿತು. ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ಪಡೆ ಬಾಣ ಮತ್ತು ಗುಂಡಿನ ಮಳೆಗೆ ಹಿಂದೆ ಸರಿಯಿತು. ಇವನೇ ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಆದರೆ ಮರುದಿನವೇ ಇಂಗ್ಲಿಷರು ತೋಪನ್ನು ವಶಪಡಿಸಿಕೊಂಡರು. ಮೇ 2ರಂದು ಶತ್ರುವಿನ ಗುಂಡೊಂದು ಕೋಟೆಯೊಳಗಿನ ಬಾಣಗಳ ದಾಸ್ತಾನಿಗೇ ಬಿದ್ದು ಸ್ಫೋಟವಾಯಿತು. ಮೇ 4ರಂದು ಟಿಪ್ಪು ಹೋರಾಡುತ್ತಲೇ ಹತರಾದರು. ಕೋಟೆಯಲ್ಲಿ ಸಿಕ್ಕಿದ್ದು 600 ಹಾರುಕಗಳು, ಬಳಕೆಗೆ ಸಿದ್ಧವಾದ 700 ಬಾಣಗಳು, ಮದ್ದು ತುಂಬದ 9,000 ಬಾಣಗಳು. ಸಿದ್ಧವಿದ್ದದ್ದು ಎಷ್ಟು ಕಡಿಮೆ ನೋಡಿ!

ಇಂಗ್ಲಿಷರು ಅವುಗಳಲ್ಲಿ ಕೆಲವನ್ನು ವೂಲ್ವಿಚ್‌ಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅವುಗಳನ್ನು ಅಭ್ಯಾಸ ಮಾಡಿ ತನ್ನ ರಾಕೆಟ್ ರೂಪಿಸಿದ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವು ಬಿದ್ದವು. ಗುರಿ ತಪ್ಪುವ ದೋಷ ಅವನಿಗೂ ಪೂರ್ತಿ ನೀಗಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ ಟಿಪ್ಪುವಿನ ಸೇನೆಯ ಚಿತ್ರ ಕಂಡು ಹೆಮ್ಮೆಪಟ್ಟದ್ದನ್ನು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ನನಗೂ ಹೆಮ್ಮೆಯಿದೆ. ಆದರೆ ಆಯುಧವನ್ನು ತೂಗುವಾಗ ಅದು ಎಷ್ಟು ದೂರ ಹಾರಿತು ಎಂಬುದರ ಜೊತೆಗೆ ಎಷ್ಟು ಸಲ ತಪ್ಪಿತು ಎಂಬುದನ್ನೂ ಬರೆದುಕೊಳ್ಳಬೇಕು. ಆಳಿದವರನ್ನು ತೂಗುವಾಗಲೂ ಅದೇ ನ್ಯಾಯ. ತಕ್ಕಡಿಯ ಒಂದೇ ತಟ್ಟೆ ತುಂಬಿದರೆ ಅದು ತೂಕವಾಗುವುದಿಲ್ಲ.

ಮಡಂತ್ಯಾರಿನಿಂದ ಬೆಳ್ತಂಗಡಿಯ ಕಡೆಗೆ ಹೋದರೆ ಗಡಾಯಿಕಲ್ಲು ಸಿಗುತ್ತದೆ. ಮಳೆ ಬಿಟ್ಟ ಮೇಲೆ ನಾನು ಮತ್ತು ಆ ಗೆಳೆಯ ಒಟ್ಟಿಗೆ ಹತ್ತಬೇಕೆಂದಿದ್ದೇವೆ. ಮೆಟ್ಟಿಲುಗಳು ಸಾವಿರಕ್ಕೂ ಮಿಕ್ಕಿ ಇವೆ. ಮಾತಾಡಲು ಸಮಯ ಬೇಕಾದಷ್ಟು ಸಿಗುತ್ತದೆ.