ನೂರ್ಸಿಯಾದ ಬೆನೆದಿಕ್ತನೂ ಅವನ ಮಠದವರ ಕೈಕೆಲಸವೂ

ನಮ್ಮ ಅರಕೇರಾ ಸೀಮೆಯ ಸಭೆಗಳಲ್ಲಿ ಒಂದು ಆಲೋಚನೆಯು ಮೆಲ್ಲಗೆ ಬೇರೂರುತ್ತಿರುವದು. ಮಗನು ನಾಲ್ಕಕ್ಷರ ಕಲಿತನೆಂದರೆ ಇನ್ನು ಕುಡಗೋಲು ಮುಟ್ಟಬಾರದು, ಹೊಲದ ಕೆಲಸವು ಓದುಬಾರದವರ ಪಾಲಿನದು ಎಂಬದೇ ಅದು. ತಲೆತಲಾಂತರದಿಂದ ಪರರ ಹೊಲದಲ್ಲಿ ಬಿಟ್ಟಿ ದುಡಿದ ಮನೆಗಳಲ್ಲಿ ಹೀಗೆ ತೋರುವದು ಆಶ್ಚರ್ಯವಲ್ಲ. ಆದರೂ ಇಂಥದೇ ಆಲೋಚನೆಯಿಂದ ತುಂಬಿದ ದೇಶದಲ್ಲಿ ಸಾವಿರದ ಐನೂರು ವರುಷಗಳ ಹಿಂದೆ ಹುಟ್ಟಿ, ಪ್ರಾರ್ಥನೆಯನ್ನೂ ಗುದ್ದಲಿಯನ್ನೂ ಒಂದೇ ಮನೆಯೊಳಗೆ ಇಟ್ಟ ಒಬ್ಬ ದೇವಭಕ್ತನ ಚರಿತ್ರೆಯನ್ನು ವಾಚಕರ ಮುಂದಿಡುವೆನು.

ಬೆನೆದಿಕ್ತನು ಕ್ರಿ. ಶ. 480ರ ಸುಮಾರಿಗೆ ಇತಾಲ್ಯ ದೇಶದ ನೂರ್ಸಿಯಾ ಎಂಬ ಊರಲ್ಲಿ ಅನುಕೂಲವಂತರ ಮನೆಯಲ್ಲಿ ಹುಟ್ಟಿದನು. ಅದಕ್ಕೆ ಮುಂಚೆ 476ರಲ್ಲಿ ರೋಮಿನ ಪಶ್ಚಿಮ ಸಾಮ್ರಾಜ್ಯದ ಕಡೇ ಚಕ್ರವರ್ತಿಯು ಪದಚ್ಯುತನಾಗಿದ್ದನು. ಕೈಯಿಂದ ದುಡಿಯುವದು ದಾಸರ ಕೆಲಸವೆಂದು ಅಲ್ಲಿನ ಕುಲೀನರು ಎಣಿಸುತ್ತಿದ್ದರು. ಮನೆಯವರು ಅವನನ್ನು ವಿದ್ಯೆಗಾಗಿ ರೋಮ್ ಪಟ್ಟಣಕ್ಕೆ ಕಳುಹಿಸಲಾಗಿ, ಜೊತೆಯ ಯೌವನಸ್ಥರ ದುರ್ನಡತೆಯನ್ನು ಕಂಡು ಹೇಸಿ, ಓದನ್ನು ಬಿಟ್ಟು ಸುಬಿಯಾಕೋ ಎಂಬ ಸ್ಥಳದ ಗುಹೆಯಲ್ಲಿ ಮೂರು ವರುಷ ಒಂಟಿಯಾಗಿದ್ದನು. ರೊಮಾನನೆಂಬ ಸನ್ಯಾಸಿಯು ತನ್ನ ಪಾಲಿನ ರೊಟ್ಟಿಯಲ್ಲಿ ಉಳಿಸಿ, ಹಗ್ಗಕ್ಕೆ ಕಟ್ಟಿ ಬಂಡೆಯ ಮೇಲಿಂದ ಇಳಿಬಿಡುತ್ತಿದ್ದನು. ಆ ಮೂರು ವರುಷ ಬೆನೆದಿಕ್ತನು ಉಂಡದ್ದು ಇನ್ನೊಬ್ಬನ ರೊಟ್ಟಿಯನ್ನು. ಮುಂದೆ ತಾನು ಕಟ್ಟಿದ ಮಠಗಳಲ್ಲಿ ಆಳಾಗಿದ್ದವನು ಹಾಗೆ ಕುಳಿತು ಉಣ್ಣುವದಕ್ಕೆ ಅವನು ಎಡೆಗೊಡಲಿಲ್ಲ.

ಹತ್ತಿರದ ಒಂದು ಮಠದವರು ಅವನನ್ನು ತಮಗೆ ಹಿರಿಯನಾಗಿ ಕರೆದೊಯ್ದರು. ಅವನ ಶಿಸ್ತನ್ನು ತಾಳಲಾರದೆ ದ್ರಾಕ್ಷಾರಸದಲ್ಲಿ ವಿಷ ಬೆರಸಿದರೆಂದೂ, ಅವನು ಶಿಲುಬೆಯ ಗುರುತು ಮಾಡುತ್ತಲೇ ಪಾತ್ರೆಯು ಒಡೆಯಿತೆಂದೂ ಹೇಳುತ್ತಾರೆ. ಅವನು ಅವರನ್ನು ಬಿಟ್ಟು ಸುಬಿಯಾಕೋವಿಗೆ ಹಿಂತಿರುಗಿ, ಹನ್ನೆರಡು ಹನ್ನೆರಡು ಮಂದಿಯ ಹನ್ನೆರಡು ಮಠಗಳನ್ನು ಸ್ಥಾಪಿಸಿದನು.

ಅಲ್ಲಿಗೆ ಗೋಥ ಜನಾಂಗದವನೊಬ್ಬನು ಬಂದು ಸೇರಿದನು. ಗೋಥರು ಆಗ ದೇಶವನ್ನು ಆಳುವ ಜಾತಿಯವರು. ಬೆನೆದಿಕ್ತನು ಅವನ ಕೈಗೆ ಕುಡಗೋಲು ಕೊಟ್ಟು, ಕೆರೆಯ ದಂಡೆಯ ಮುಳ್ಳುಕಂಟಿಯನ್ನು ಕಡಿದು ತೋಟಕ್ಕೆ ನೆಲ ಹಸನು ಮಾಡೆಂದು ಕಳುಹಿಸಿದನು. ಅವನು ಬಲವಾಗಿ ಕಡಿಯುತ್ತಿರುವಾಗ ಅಲಗು ಕಾವಿನಿಂದ ಕಳಚಿ ಆಳವಾದ ನೀರಿಗೆ ಬಿದ್ದಿತು. ಬಡಪಾಯಿಯು ನಡುಗಿಹೋದನು. ಬೆನೆದಿಕ್ತನು ಬಂದು ಬರಿಯ ಕಾವನ್ನು ನೀರಿನಲ್ಲಿ ಅದ್ದಲು ಅಲಗು ಮೇಲೆದ್ದು ತಾನಾಗಿ ಸೇರಿಕೊಂಡಿತೆಂದು ರೋಮಿನ ಬಿಷಪನಾದ ಗ್ರೆಗೊರಿಯು ಸುಮಾರು 593ರಲ್ಲಿ ಬರೆದನು. ಎಲೀಷನು ಕೊಡಲಿಯನ್ನು ತೇಲಿಸಿದ ಸಂಗತಿಯನ್ನು ಅರಿತವರು ಇದನ್ನು ತಮಗೆ ತೋರಿದಂತೆ ನಂಬಲಿ. ನನ್ನ ಮನಸ್ಸಿಗೆ ಹಿಡಿದದ್ದು ಮುಂದಿನ ಮಾತು: ಗುರುವು ಅವನನ್ನು ಬೈಯಲಿಲ್ಲ, ದಂಡಿಸಲೂ ಇಲ್ಲ, ಕುಡಗೋಲನ್ನು ತಿರಿಗಿ ಕೈಗಿಟ್ಟು, ದುಃಖಪಡದೆ ಕೆಲಸ ಮುಂದುವರಿಸೆಂದು ಹೇಳಿದನು.

ಸುಮಾರು 529ರಲ್ಲಿ ಅವನು ರೋಮಿನ ದಕ್ಷಿಣಕ್ಕಿರುವ ಕಸಿನೋ ಬೆಟ್ಟಕ್ಕೆ ಹೋಗಿ, ಅಪೊಲ್ಲೋ ವಿಗ್ರಹವನ್ನು ಒಡೆದು ಮಠ ಕಟ್ಟಿದನು. ಅಲ್ಲಿ 73 ಅಧ್ಯಾಯಗಳುಳ್ಳ ತನ್ನ ನಿಯಮಗ್ರಂಥವನ್ನು ಬರೆದನು. ನಮ್ಮ ಸೀಮೆಯಲ್ಲಿ ಮಠವೆಂದರೆ ಭಕ್ತರು ದವಸ ತಂದೊಪ್ಪಿಸುವ ಸ್ಥಳವೆಂದು ತಿಳಿಯುವವರುಂಟು. ಬೆನೆದಿಕ್ತನ ಮಠವೋ, ನೀರು, ಬೀಸುವ ಗಿರಣಿ, ತೋಟ, ನಾನಾ ಕಸುಬುಗಳು ಸಾಧ್ಯವಾದಮಟ್ಟಿಗೆ ಗೋಡೆಯೊಳಗೇ ಇರತಕ್ಕದ್ದು. ಈಸ್ಟರ್ ಹಬ್ಬದಿಂದ ಅಕ್ಟೋಬರ್ ಮೊದಲ ತಾರೀಖಿನ ವರೆಗೆ, ಮುಂಜಾನೆಯ ಪ್ರಾರ್ಥನೆ ತೀರಿದ ಮೇಲೆ ಸುಮಾರು ಹತ್ತು ಗಂಟೆಯ ವರೆಗೆ ಕೆಲಸ, ಅಲ್ಲಿಂದ ಮಧ್ಯಾಹ್ನದ ವರೆಗೆ ಓದು, ಊಟವಾದ ಬಳಿಕ ವಿಶ್ರಾಂತಿ, ಪ್ರಾರ್ಥನೆ, ತಿರಿಗಿ ಸಾಯಂಕಾಲದ ತನಕ ಕೆಲಸ. ಓದುವ ವೇಳೆಯಲ್ಲಿ ಯಾರಾದರೂ ಹರಟುತ್ತಾರೋ ಎಂದು ಒಬ್ಬರೋ ಇಬ್ಬರೋ ಹಿರಿಯರು ಸುತ್ತಿ ನೋಡುತ್ತಿದ್ದರು. ದೂರದ ಹೊಲದಲ್ಲಿದ್ದವರು ಪ್ರಾರ್ಥನೆಯ ಹೊತ್ತಿಗೆ ಓಡಿಬರಬೇಕಾಗಿರಲಿಲ್ಲ; ದುಡಿಯುತ್ತಿದ್ದ ನೆಲದಲ್ಲಿಯೇ ಮೊಣಕಾಲೂರಿದರೆ ಸಾಕಾಗಿತ್ತು. ಬಡತನದ ದೆಸೆಯಿಂದ ಸುಗ್ಗಿಯನ್ನು ತಾವೇ ಮಾಡಬೇಕಾಗಿ ಬಂದರೆ ಗೊಣಗಬಾರದು. ಅಪೊಸ್ತಲರಂತೆ ತಮ್ಮ ಕೈಗಳಿಂದ ಜೀವಿಸುವಾಗಲೇ ತಾವು ನಿಜವಾದ ಸನ್ಯಾಸಿಗಳೆಂದು ತಿಳಿಯಬೇಕೆಂದು ಅವನು ವಿಧಿಸಿದನು. ರೋಗಿಗಳಿಗೂ ಬಲಹೀನರಿಗೂ ಹಗುರವಾದ ಕೆಲಸ. ಕೆಲಸವು ಭಾರವಾದ ದಿನ ಊಟವನ್ನು ಹೆಚ್ಚಿಸುವ ಅಧಿಕಾರ ಹಿರಿಯನಿಗಿತ್ತು.

ಗುದ್ದಲಿ, ಸಲಿಕೆ, ಪಾತ್ರೆಪದಾರ್ಥಗಳನ್ನು ಉಗ್ರಾಣದವನು ಪೂಜಾಪೀಠದ ಪಾತ್ರೆಗಳಂತೆಯೇ ಎಣಿಸಬೇಕಾಗಿತ್ತು. ಕೊಟ್ಟದ್ದೇನು, ಬಂದದ್ದೇನು ಎಂಬದಕ್ಕೆ ಹಿರಿಯನ ಬಳಿ ಪಟ್ಟಿಯಿತ್ತು. ಅಡಿಗೆಮನೆಯ ಸೇವೆ ವಾರಕ್ಕೊಬ್ಬರ ಸರದಿ. ಶನಿವಾರ ಸರದಿ ಮುಗಿಸಿದವನು ಬಟ್ಟೆಗಳನ್ನು ಒಗೆದು, ಹೊಸದಾಗಿ ಬರುವವನ ಸಂಗಡ ಎಲ್ಲರ ಕಾಲುಗಳನ್ನು ತೊಳೆಯುವನು. ದಾಸತ್ವದಿಂದ ಬಂದವನಿಗಿಂತ ಸ್ವತಂತ್ರನಾಗಿ ಹುಟ್ಟಿದವನು ಹುಟ್ಟಿನ ಕಾರಣದಿಂದ ಮುಂದೆ ನಿಲ್ಲುವಂತಿರಲಿಲ್ಲ; ಮೊದಲು ಬಂದವನು ಮೊದಲು. ಇಷ್ಟು ಬರೆದಿಟ್ಟರೂ ಜಾತಿಯ ಗರ್ವವು ಬಾಗಿಲಲ್ಲಿ ಉಳಿಯಲಿಲ್ಲ. ಒಂದು ರಾತ್ರಿ ದೊಡ್ಡ ಅಧಿಕಾರಿಯ ಮಗನು, ಉಣ್ಣುತ್ತಿದ್ದ ಬೆನೆದಿಕ್ತನಿಗೆ ದೀಪ ಹಿಡಿದು ನಿಂತು, ಇವನಿಗೆ ನಾನೇಕೆ ಸೇವಕನಾಗಬೇಕೆಂದು ಮನಸ್ಸಿನೊಳಗೆ ಕುದಿದನು. ಬೆನೆದಿಕ್ತನು ಅದನ್ನು ಅರಿತು, ದೀಪವನ್ನು ಬೇರೊಬ್ಬನಿಗೆ ಕೊಡಿಸಿ ಅವನನ್ನು ಕುಳ್ಳಿರಿಸಿದನು. ಆ ಸೇವೆಯು ಅವನಿಂದ ತೆಗೆಯಲ್ಪಟ್ಟದ್ದೇ ಅವನಿಗೆ ಶಿಕ್ಷೆ.

ಮಠದ ವ್ರತಗಳಿಂದ ರಕ್ಷಣೆಯುಂಟೆಂದು ನಾವು ಒಪ್ಪುವದಿಲ್ಲ. ಮಾರ್ಟಿನ್ ಲೂಥರನು ಮಠವನ್ನು ಬಿಟ್ಟು ಬಂದು, ಗೃಹಸ್ಥನ ನಿತ್ಯದ ಕೆಲಸವೂ ದೇವರ ಕರೆಯೇ ಎಂದು ಬೋಧಿಸಿದನು. ಬೆನೆದಿಕ್ತನಿಗೆ ಆರುನೂರು ವರುಷಗಳ ತರುವಾಯ ನಮ್ಮ ಕನ್ನಡ ನಾಡಿನ ಶರಣರೂ ಕಾಯಕವನ್ನು ಎತ್ತಿ ಹಿಡಿದರು. ಜಾತಿಯೊಡನೆ ಕಸುಬನ್ನೂ ಕಳಕೊಂಡ ವಿಶ್ವಾಸಿಗಳಿಗಾಗಿ ಬಾಸೆಲ್ ಮಿಶನಿನವರು ಮಂಗಳೂರಲ್ಲಿ ಮಗ್ಗಗಳನ್ನು ಹೂಡಿ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿದರು. ಬೆನೆದಿಕ್ತನ ನಿಯಮವನ್ನೇ ಅನುಸರಿಸುವ ರೋಮನ್ ಸಭೆಯ ಮಠವೊಂದು ಬೆಂಗಳೂರಿನ ಬಳಿ ಆಶೀರ್ವನವೆಂಬ ಹೆಸರಿನಿಂದ 1957ರಲ್ಲಿ ನೆಲೆಗೊಂಡಿತು.

ಕಂಪಾನಿಯಾ ಸೀಮೆಯಲ್ಲಿ ಘೋರವಾದ ಕ್ಷಾಮ ಬಂದಾಗ ಬೆನೆದಿಕ್ತನು ಮಠದಲ್ಲಿದ್ದದ್ದನ್ನೆಲ್ಲಾ ಹಂಚಿದನು. ಗಾಜಿನ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಮಾತ್ರ ಉಳಿಯಿತು. ಅದನ್ನು ಬೇಡಿಬಂದವನಿಗೆ ಕೊಡದೆ ಉಗ್ರಾಣದವನು ಬಚ್ಚಿಟ್ಟನು. ಅವಿಧೇಯತೆಯಿಂದ ಉಳಿದದ್ದು ಮನೆಯೊಳಗೆ ಇರಬಾರದೆಂದು ಬೆನೆದಿಕ್ತನು ಅದನ್ನು ಕಿಟಕಿಯಿಂದ ಎಸೆಯಿಸಿದನು. ಪಾತ್ರೆಯು ಬಂಡೆಗಳ ಮೇಲೆ ಬಿದ್ದರೂ ಒಡೆಯಲಿಲ್ಲವಂತೆ. ಎಣ್ಣೆಯು ಬೇಡಿದವನಿಗೇ ಸೇರಿತು.

ಸುಮಾರು 547ರಲ್ಲಿ ಅವನಿಗೆ ಜ್ವರ ಬಂದಿತು. ಆರನೆಯ ದಿನ ಪ್ರಾರ್ಥನಾಲಯಕ್ಕೆ ತನ್ನನ್ನು ಹೊತ್ತುಕೊಂಡು ಹೋಗಿಸಿ, ಕರ್ತನ ಭೋಜನವನ್ನು ತೆಗೆದುಕೊಂಡು, ಶಿಷ್ಯರ ತೋಳುಗಳ ಆಸರೆಯಿಂದ ನಿಂತುಕೊಂಡೇ ಕೈಗಳನ್ನೆತ್ತಿ ಪ್ರಾರ್ಥಿಸುತ್ತಾ ಪ್ರಾಣಬಿಟ್ಟನು. ಅವನಿಗಿಂತ ಮುಂಚೆ ತೀರಿಕೊಂಡಿದ್ದ ಸಹೋದರಿ ಸ್ಕೊಲಾಸ್ಟಿಕಳ ಸಮಾಧಿಯಲ್ಲಿಯೇ ಅವನನ್ನೂ ಹೂಣಿಟ್ಟರು.