ಕಾಲು ಸೋತರೂ ಕೈ ಸೋಲದ ಬಾಳು

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಹಡ್ಸನ್ ನದಿಯ ದಂಡೆಯ ಮೇಲೆ, ಹೈಡ್ ಪಾರ್ಕ್ ಎಂಬ ಊರಿದೆ. ಅಲ್ಲಿನ ಸ್ಪ್ರಿಂಗ್‌ವುಡ್ ಎಂಬ ದೊಡ್ಡ ಮನೆಯಲ್ಲಿ, ಪೆಟ್ಟಿಗೆ ಸಾಮಾನುಗಳನ್ನು ಮಹಡಿಗೆ ಏರಿಸಲೆಂದು ಮಾಡಿದ್ದ ಪುಟ್ಟ ಲಿಫ್ಟೊಂದು ಇದೆ. ಮನೆಗೆಲ್ಲ ವಿದ್ಯುತ್ತು ಬಂದ ಮೇಲೂ ಈ ಲಿಫ್ಟಿಗೆ ಅದರ ಸಂಪರ್ಕವನ್ನು ಕೊಡಲಿಲ್ಲ. ಒಳಗೆ ಕುಳಿತವನು ಹಗ್ಗವನ್ನು ಕೈಯಿಂದ ಜಗ್ಗಿ ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಳ್ಳಬೇಕು. ಈ ಮನೆಯ ಯಜಮಾನರು ನಾಲ್ಕು ಬಾರಿ ಅಮೆರಿಕದ ಅಧ್ಯಕ್ಷರಾಗಿ ಚುನಾಯಿತರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಮನೆಗೆ ಬೆಂಕಿ ಬಿದ್ದು ವಿದ್ಯುತ್ತು ನಿಂತುಹೋದರೆ ಯಂತ್ರದ ಲಿಫ್ಟಿನಲ್ಲಿ ಸಿಕ್ಕಿಬೀಳಬೇಕಾದೀತು ಎಂಬುದು ಅವರ ಆತಂಕ. ಯಂತ್ರ ಕೈಕೊಡಬಹುದು, ತಮ್ಮ ಕೈ ತಮಗೆ ಕೈಕೊಡಲಾರದೆಂದು ಅವರು ನಂಬಿದ್ದರು. ಅವರ ಬಾಳಿನ ಉತ್ತರಾರ್ಧವನ್ನು ಅರಿಯಬೇಕಾದರೆ ಈ ಹಗ್ಗದಿಂದಲೇ ಆರಂಭಿಸುವುದು ಯುಕ್ತ.

ರೂಸ್‌ವೆಲ್ಟರು ಹುಟ್ಟಿದ್ದು ಇದೇ ಮನೆಯಲ್ಲಿ, 1882ರ ಜನವರಿ 30ರಂದು. ಸಂಪನ್ನ ಮನೆತನ, ಎತ್ತರವಾದ ಮೈಕಟ್ಟು, ದೋಣಿ ನಡೆಸುವುದರಲ್ಲಿಯೂ ಈಜಿನಲ್ಲಿಯೂ ಅಪಾರ ಆಸಕ್ತಿ. 1920ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಡೆಮೋಕ್ರಾಟಿಕ್ ಪಕ್ಷವು ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯನ್ನಾಗಿ ನಿಲ್ಲಿಸಿತು. ಸೋತರೂ ಅವರ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು.

ಮರುವರ್ಷದ ಬೇಸಗೆಯಲ್ಲಿ ಅವರು ಕುಟುಂಬದೊಡನೆ ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿದ್ದರು. ಆಗಸ್ಟ್ 10ರಂದು ದೋಣಿವಿಹಾರಕ್ಕೆ ಹೋಗಿದ್ದಾಗ ಹತ್ತಿರದ ಕಾಡಿನಲ್ಲಿ ಎದ್ದ ಕಿಚ್ಚನ್ನು ಮಕ್ಕಳೊಡಗೂಡಿ ಬಡಿದು ಆರಿಸಿದರು. ಮೈಯ ಮಸಿ ತೊಳೆಯಲು ತಣ್ಣೀರಿನಲ್ಲಿ ಈಜಿದರು. ಆ ಸಂಜೆ ಚಳಿ ಹಿಡಿಯಿತು. ಎರಡು ದಿನಗಳಲ್ಲಿ ಎದ್ದು ನಿಲ್ಲುವ ಶಕ್ತಿಯೇ ಉಡುಗಿಹೋಯಿತು. ಮೊದಲು ನೋಡಿದ ವೈದ್ಯರಿಗೆ ರೋಗ ತಿಳಿಯಲಿಲ್ಲ. ತಿಂಗಳ ಕೊನೆಯ ಹೊತ್ತಿಗೆ ಬಂದ ತಜ್ಞರು ಪೋಲಿಯೋ ಎಂದು ನಿರ್ಣಯಿಸಿದರು. ಅದು ಬೇರೊಂದು ನರರೋಗವಾಗಿದ್ದಿರಬಹುದೆಂದು 2003ರಲ್ಲಿ ಕೆಲವು ವೈದ್ಯರು ವಾದಿಸಿದ್ದುಂಟು. ರೋಗದ ಹೆಸರು ಯಾವುದೇ ಇರಲಿ, ಪರಿಣಾಮದಲ್ಲಿ ಸಂದೇಹವಿರಲಿಲ್ಲ. 39ನೆಯ ವಯಸ್ಸಿನಲ್ಲಿ ಅವರ ಎರಡು ಕಾಲುಗಳೂ ಸೋತವು.

ಮಗ ಇನ್ನು ಹೈಡ್ ಪಾರ್ಕಿನಲ್ಲಿ ವಿಶ್ರಾಂತಿಯಿಂದಿರಲಿ ಎಂಬುದು ತಾಯಿ ಸಾರಾ ಅವರ ಆಸೆ. ಪತ್ನಿ ಎಲೀನರ್ ಮತ್ತು ಆಪ್ತಸ್ನೇಹಿತ ಲೂಯಿ ಹೌ ಅದಕ್ಕೆ ಸಮ್ಮತಿಸಲಿಲ್ಲ. ರೂಸ್‌ವೆಲ್ಟರ ಮನಸ್ಸೂ ಇವರ ಕಡೆಗೇ ಇತ್ತು. ಕಾಲುಗಳಿಗೆ ಸೊಂಟದಿಂದ ಪಾದದವರೆಗೆ ಉಕ್ಕಿನ ಪಟ್ಟಿಗಳನ್ನು ಬಿಗಿದುಕೊಂಡು, ಊರುಗೋಲುಗಳ ಆಸರೆಯಲ್ಲಿ, ಮನೆಯಿಂದ ಹೆದ್ದಾರಿಯವರೆಗಿನ ಕಾಲು ಮೈಲಿ ದೂರವನ್ನು ನಡೆದೇ ಮುಟ್ಟಬೇಕೆಂದು ದಿನದಿನವೂ ಹೆಣಗಿದರು.

ನಡೆಯುವ ಆಸೆಯೊಡನೆಯೇ, ನಡೆಯಲಾಗದಿದ್ದರೆ ಬದುಕುವ ಬಗೆ ಹೇಗೆಂಬುದನ್ನೂ ಅವರು ಯೋಚಿಸತೊಡಗಿದರು. ಆಗಿನ ಗಾಲಿಕುರ್ಚಿಗಳು ಭಾರವಾದವು, ಅಗಲವಾದವು, ಬಾಗಿಲುಗಳಲ್ಲಿ ನುಸುಳುವಂತಿರಲಿಲ್ಲ. ಅಡಿಗೆಮನೆಯಲ್ಲಿ ಬಳಸುವಂಥ ಕೈಯಿಲ್ಲದ ಮರದ ಕುರ್ಚಿಗೆ ಗಾಲಿಗಳನ್ನು ಜೋಡಿಸಿ ತಮಗೆ ಬೇಕಾದ ಬಂಡಿಯನ್ನು ಮಾಡಿಸಿಕೊಂಡರು. ಅದರಿಂದ ಹಾಸಿಗೆಗೂ ಮೇಜಿನ ಕುರ್ಚಿಗೂ ತೋಳಬಲದಿಂದ ಸರಿದುಕೊಳ್ಳುವುದು ಸುಲಭವಾಯಿತು. ಮೋಟಾರು ಕಾರಿನ ಬ್ರೇಕು ಮುಂತಾದುವನ್ನು ಕೈಯಿಂದಲೇ ನಡೆಸುವಂತೆ ಮಾರ್ಪಡಿಸಿಕೊಂಡರು. 1939ರಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಹೈಡ್ ಪಾರ್ಕಿಗೆ ಬಂದಾಗ, ಅಂಥ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಏರಿಳಿವಿನ ದಾರಿಗಳಲ್ಲಿ ಸ್ವತಃ ಓಡಿಸಿದರು.

ಆದರೆ ಒಂದು ಭಯ ಅವರನ್ನು ಎಂದೂ ಬಿಡಲಿಲ್ಲ. ಅವರು ಎರಡು ವರ್ಷದ ಕೂಸಾಗಿದ್ದಾಗ ತಾಯಿಯ ತಂಗಿಯೊಬ್ಬರು ದೀಪದ ಬೆಂಕಿ ತಗುಲಿ ತೀರಿಕೊಂಡಿದ್ದರು. ಕಾಲಿಲ್ಲದವನಿಗೆ ಬೆಂಕಿಯೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಭಯವನ್ನು ಅವರು ಅಡಗಿಸಿಡದೆ ಅಭ್ಯಾಸವನ್ನಾಗಿ ಮಾರ್ಪಡಿಸಿದರು. ಹಾಸಿಗೆಯಿಂದಲೋ ಕುರ್ಚಿಯಿಂದಲೋ ನೆಲಕ್ಕೆ ಇಳಿಯುವುದು, ಮೊಣಕೈಯೂರಿ ಬಾಗಿಲಿನವರೆಗೆ ತೆವಳುವುದು: ಇದನ್ನು ಮತ್ತೆ ಮತ್ತೆ ಮಾಡಿ ಕರಗತ ಮಾಡಿಕೊಂಡರು. ಶ್ವೇತಭವನದಲ್ಲಿಯೂ ಮಲಗುವ ಕೋಣೆಗೆ ಬೀಗ ಹಾಕಗೊಡುತ್ತಿರಲಿಲ್ಲ. ಲೋಕದ ಬಲಿಷ್ಠ ರಾಷ್ಟ್ರವೊಂದರ ನಾಯಕನು ನೆಲದ ಮೇಲೆ ತೆವಳುವುದನ್ನು ಕಲಿತಿದ್ದನೆಂದರೆ ಕೆಲವರಿಗೆ ಕನಿಕರವೆನಿಸಬಹುದು. ಆದರೆ ಮೂರು ಮಾರು ದೂರದ ಬಾಗಿಲನ್ನು ಯಾರ ನೆರವೂ ಇಲ್ಲದೆ ಮುಟ್ಟಬಲ್ಲೆನೆಂಬ ಭರವಸೆಯಿದ್ದವನಿಗೇ ರಾತ್ರಿ ನೆಮ್ಮದಿಯ ನಿದ್ರೆ. ಧೈರ್ಯವೆಂದು ನಾವು ಹೊಗಳುವ ಗುಣದಲ್ಲಿ ಎಷ್ಟೋ ಪಾಲು ಇಂಥ ಪೂರ್ವಸಿದ್ಧತೆಯೇ ಆಗಿರುತ್ತದೆ.

1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿಗೆ ಹೋದರು. ಅಲ್ಲಿಯ ಬೆಚ್ಚನೆಯ ಚಿಲುಮೆಯ ನೀರಿನಲ್ಲಿ ಸೋತ ಕಾಲುಗಳು ತುಸು ಚಲಿಸಿದವು. ನಡಿಗೆ ಮರಳಲಿಲ್ಲ, ಆದರೂ 1926ರಲ್ಲಿ ತಮ್ಮ ಆಸ್ತಿಯ ಬಹುಭಾಗವನ್ನು ಸುರಿದು ಆ ಸ್ಥಳವನ್ನು ಕೊಂಡು, ಮರುವರ್ಷ ರೋಗಿಗಳಿಗಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅಲ್ಲಿ ಗಾಲಿಕುರ್ಚಿಯವರನ್ನು ಯಾರೂ ಬೆರಗಿನಿಂದ ನೋಡುತ್ತಿರಲಿಲ್ಲ. ಮೆಟ್ಟಿಲ ಬದಲು ಇಳಿಜಾರುಗಳು, ಚಿಕಿತ್ಸೆಯೊಡನೆ ಆಟಪಾಟ. ಈ ಚಿತ್ರದಲ್ಲಿ ಕಪ್ಪು ಚುಕ್ಕೆಯೂ ಇತ್ತು. ಕರಿಯ ಜನರು ಅಲ್ಲಿ ಕೆಲಸದವರಾಗಿದ್ದರೇ ಹೊರತು ರೋಗಿಗಳಾಗಿ ಪ್ರವೇಶ ಪಡೆಯುವಂತಿರಲಿಲ್ಲ. ಅವರಿಗಾಗಿ ಟಸ್ಕೀಗೀಯಲ್ಲಿ ಬೇರೆ ಚಿಕಿತ್ಸಾಲಯ ತೆರೆದದ್ದು 1941ರಲ್ಲಿ.

1928ರಲ್ಲಿ ನ್ಯೂಯಾರ್ಕಿನ ಗವರ್ನರ್ ಸ್ಥಾನಕ್ಕೆ, 1932ರಲ್ಲಿ ಅಧ್ಯಕ್ಷ ಪದವಿಗೆ ಆಯ್ಕೆಯಾದರು. ಅಧಿಕಾರ ವಹಿಸುವ ಮುನ್ನವೇ, 1933ರ ಫೆಬ್ರವರಿ 15ರಂದು, ಮಯಾಮಿ ನಗರದಲ್ಲಿ ತೆರೆದ ಕಾರಿನಲ್ಲಿದ್ದ ಅವರ ಮೇಲೆ ಒಬ್ಬನು ಗುಂಡು ಹಾರಿಸಿದ. ಐವರಿಗೆ ಪೆಟ್ಟಾಯಿತು. ರೂಸ್‌ವೆಲ್ಟರು ಓಡಲಾರರು, ಬಗ್ಗಿ ಅವಿತುಕೊಳ್ಳಲಾರರು. ಆದರೂ ಕಾರನ್ನು ನಿಲ್ಲಿಸಿ, ಗಾಯಗೊಂಡ ಷಿಕಾಗೋ ಮೇಯರ್ ಸೆರ್ಮಾಕರನ್ನು ತಮ್ಮ ಪಕ್ಕಕ್ಕೆ ಹತ್ತಿಸಿಕೊಂಡು ಆಸ್ಪತ್ರೆಗೆ ಒಯ್ದರು. 1936ರಲ್ಲಿ ಫಿಲಡೆಲ್ಫಿಯಾದ ಸಭೆಯಲ್ಲಿ ಕಾಲಿನ ಪಟ್ಟಿಯ ಕೀಲು ಕಳಚಿ ಕುಸಿದರು. ಅಂಗರಕ್ಷಕರು ಮರೆಮಾಡಿ ಎತ್ತಿ ನಿಲ್ಲಿಸಿದರು. ಬಟ್ಟೆಯ ಧೂಳು ಒರೆಸಿಕೊಂಡು, ಚದುರಿದ ಹಾಳೆಗಳನ್ನು ಜೋಡಿಸಿಕೊಂಡು ವೇದಿಕೆಗೆ ಹೋಗಿ ಭಾಷಣ ಮಾಡಿದರು. ಪರ್ಲ್ ಹಾರ್ಬರ್ ದಾಳಿಯ ನಂತರ ಶ್ವೇತಭವನದಿಂದ ಪಕ್ಕದ ಖಜಾನೆ ಕಟ್ಟಡಕ್ಕೆ ಸುರಂಗ ತೋಡಲಾಯಿತು. ಗಾಲಿಕುರ್ಚಿಗೆ ವಿಷಾನಿಲದ ಮುಖವಾಡವೊಂದು ಜೋತುಬಿತ್ತು.

ಇಷ್ಟೆಲ್ಲ ಸಾಧಿಸಿದವರು ಒಂದನ್ನು ಮಾತ್ರ ಜನರಿಂದ ಮುಚ್ಚಿಟ್ಟರು. ಅವರಿಗೆ ಪೋಲಿಯೋ ಬಂದದ್ದು ಎಲ್ಲರಿಗೂ ಗೊತ್ತಿತ್ತು; ಅವರು ನಡೆಯಲಾರರೆಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಉಕ್ಕಿನ ಪಟ್ಟಿಗಳಿಗೆ ಕಪ್ಪು ಬಣ್ಣ. ಗಾಲಿಕುರ್ಚಿಯ ಚಿತ್ರ ತೆಗೆಯದಂತೆ ಛಾಯಾಗ್ರಾಹಕರಿಗೆ ತಡೆ. ಸಭೆಗಳಲ್ಲಿ ಮಗನ ತೋಳನ್ನು ಬಿಗಿಹಿಡಿದು ಒಂದೊಂದೇ ಹೆಜ್ಜೆಯಾಗಿ ನಡೆದಂತೆ ತೋರುವ ಕಷ್ಟದ ಕಲೆ. ಕುಂಟನಿಗೆ ಮತ ಹಾಕಲು ಹಿಂಜರಿಯುವ ಕಾಲದಲ್ಲಿ ಬೇರೆ ದಾರಿಯಿತ್ತೇ ಎಂದು ಕೇಳಬಹುದು. ಆದರೂ ಮನೆಯೊಳಗೆ ತಮ್ಮ ಕೊರತೆಯನ್ನು ಅಷ್ಟು ನೇರವಾಗಿ ಎದುರಿಸಿದವರು ಹೊರಗೆ ಅದನ್ನು ಮರೆಮಾಚಬೇಕಾಗಿ ಬಂದದ್ದು ನೋವಿನ ಸಂಗತಿ. 1945ರ ಮಾರ್ಚ್ 1ರಂದು, ಯಾಲ್ಟಾ ಸಮ್ಮೇಳನದಿಂದ ಹಿಂದಿರುಗಿ ಕಾಂಗ್ರೆಸ್ಸಿನ ಮುಂದೆ ಮಾತನಾಡುವಾಗ, ಅವರು ಕುಳಿತೇ ಇದ್ದುದಕ್ಕೆ ಕ್ಷಮೆ ಕೋರಿ ಕಾಲಿಗೆ ಕಟ್ಟಿದ ಉಕ್ಕಿನ ಭಾರವನ್ನು ಬಹಿರಂಗವಾಗಿ ಹೇಳಿದರು. ಆರು ವಾರಗಳ ಬಳಿಕ, ಏಪ್ರಿಲ್ 12ರಂದು, ವಾರ್ಮ್ ಸ್ಪ್ರಿಂಗ್ಸಿನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಪೋಲಿಯೋ ನಿವಾರಣೆಗೆಂದು ಅವರು 1938ರಲ್ಲಿ ಸ್ಥಾಪಿಸಿದ ಸಂಸ್ಥೆಗೆ ಸಾಮಾನ್ಯರು ಚಿಲ್ಲರೆ ನಾಣ್ಯಗಳನ್ನು ಕಳುಹಿಸಿದರು. ಆ ಹಣದ ನೆರವಿನಿಂದ ಸಿದ್ಧವಾದ ಸಾಕ್ ಲಸಿಕೆ ಫಲಕಾರಿಯೆಂದು ಪ್ರಕಟವಾದದ್ದು ಅವರು ತೀರಿಕೊಂಡು ಸರಿಯಾಗಿ ಹತ್ತು ವರ್ಷಗಳಿಗೆ, 1955ರ ಏಪ್ರಿಲ್ 12ರಂದು. ವಾಷಿಂಗ್ಟನ್ನಿನ ಅವರ ಸ್ಮಾರಕಕ್ಕೆ ಗಾಲಿಕುರ್ಚಿಯಲ್ಲಿ ಕುಳಿತ ಪ್ರತಿಮೆ ಸೇರಿದ್ದು 2001ರಲ್ಲಿ. ಆದರೆ ಅವರೇ ಕಟ್ಟಿಕೊಂಡ ಸ್ಮಾರಕವೊಂದು ಹೈಡ್ ಪಾರ್ಕಿನ ಗುಡ್ಡದ ಮೇಲಿದೆ. ಟಾಪ್ ಕಾಟೇಜ್ ಎಂಬ ಆ ಕಲ್ಲಿನ ಮನೆಯನ್ನು 1938-39ರಲ್ಲಿ ತಮ್ಮದೇ ಕಲ್ಪನೆಯಂತೆ ಕಟ್ಟಿಸಿದರು. ಅಲ್ಲಿ ಎಡವುವ ಹೊಸ್ತಿಲಿಲ್ಲ; ಕುಳಿತವನ ಕಣ್ಣಿಗೆ ಹೊರಗಿನ ನೋಟ ಕಾಣುವಂತೆ ಕಿಟಕಿಗಳು ತಗ್ಗಿನಲ್ಲಿವೆ; ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲಿನ ಬದಲು ಮಣ್ಣಿನ ಇಳಿಜಾರಿದೆ. ಹಣವೂ ಸೇವಕರೂ ಇದ್ದವರಿಗೆ ಇದು ಸಾಧ್ಯವಾಯಿತೆನ್ನುವುದು ನಿಜ. ಆದರೆ ಒಂದು ಹೊಸ್ತಿಲನ್ನು ತಗ್ಗಿಸಲು ಅರಸನ ಐಶ್ವರ್ಯ ಬೇಕಾಗಿಲ್ಲ. ಮನೆ ಕಟ್ಟುವವನಿಗೆ ತನ್ನ ಕಾಲೂ ಒಂದು ದಿನ ಸೋತೀತೆಂಬ ನೆನಪಿದ್ದರೆ ಸಾಕು.