ಬಾಯಲ್ಲಿ ವಾಸ, ಹೃದಯಕ್ಕೆ ಘಾತ: ಗುಸ್ತಾವ್ ಮಾಹ್ಲರ್ ಸತ್ತಿದ್ದು ಹೇಗೆ?

1911ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಗುಸ್ತಾವ್ ಮಾಹ್ಲರ್ ಜ್ವರದಲ್ಲೇ ವಾದ್ಯವೃಂದ ನಡೆಸಿದ. ಅದೇ ಆತನ ಕೊನೆಯ ಕಛೇರಿ. ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡಾಗ ವಯಸ್ಸು ಬರೀ 50.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಈ ದೈತ್ಯನ ಸಾವಿನ ಬಗ್ಗೆ ರಸಿಕರ ಬಳಿ ಒಂದು ಸಿದ್ಧ ಕತೆ ಇದೆ. ಆತ ಬರೆದ 6ನೇ ಸಿಂಫನಿಯ ಕೊನೆಯಲ್ಲಿ ಸುತ್ತಿಗೆಯ ಪೆಟ್ಟುಗಳು ಕೇಳಿಸುತ್ತವೆ, ಅವೇ ಪೆಟ್ಟುಗಳು 1907ರಲ್ಲಿ ಆತನ ಬದುಕಿನ ಮೇಲೂ ಬಿದ್ದವು, ವಿಧಿ ಮೊದಲೇ ಗುರುತು ಹಾಕಿಟ್ಟಿತ್ತು ಅಂತ. ಹೆಂಡತಿ ಆಲ್ಮಾಳ ನೆನಪುಗಳು ಈ ಕತೆಗೆ ಸಾಕಷ್ಟು ಉಪ್ಪು ಖಾರ ಹಾಕಿದವು. ಕೇಳೋಕೇನೋ ಚೆನ್ನಾಗಿದೆ. ಆದರೆ ಆತನನ್ನು ಕೊಂದಿದ್ದು ವಿಧಿಯಲ್ಲ. ನಮ್ಮ ನಿಮ್ಮೆಲ್ಲರ ಬಾಯಲ್ಲೂ ಇರುವ ಒಂದು ಬ್ಯಾಕ್ಟೀರಿಯಾ.

ಮಾಹ್ಲರ್ ಹುಟ್ಟಿದ್ದು 1860ರಲ್ಲಿ, ಬೊಹೀಮಿಯಾದ ಹಳ್ಳಿಯೊಂದರ ಯಹೂದಿ ಕುಟುಂಬದಲ್ಲಿ. ಅಪ್ಪ ಮದ್ಯ ತಯಾರಿಸಿ ಮಾರುತ್ತಿದ್ದ. 14 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎಳೆಯ ವಯಸ್ಸಿನಲ್ಲೇ ಹೋದವು. ತಮ್ಮ ಅರ್ನ್‌ಸ್ಟ್ 1875ರಲ್ಲಿ ಹೃದಯದ ಕಾಯಿಲೆಯಿಂದ ಸತ್ತಾಗ ಗುಸ್ತಾವ್‌ಗೆ 14 ವರ್ಷ. ತಾಯಿಗೂ ಹೃದಯದ ತೊಂದರೆ. ಇದನ್ನು ವಂಶದ ಶಾಪ ಅನ್ನೋದು ಸುಲಭ. ಆದರೆ ಆ ಕಾಲದಲ್ಲಿ ಮಕ್ಕಳ ಹೃದಯ ಕೆಡಿಸುತ್ತಿದ್ದ ರುಮ್ಯಾಟಿಕ್ ಜ್ವರ ವಂಶಕ್ಕಿಂತ ಹೆಚ್ಚಾಗಿ ಮನೆಯ ಕಾಯಿಲೆ. ಕಿಕ್ಕಿರಿದ ಕೋಣೆಗಳಲ್ಲಿ ಗಂಟಲು ಸೋಂಕು ಮಗುವಿನಿಂದ ಮಗುವಿಗೆ ಹರಡುತ್ತೆ. ಚಿಕಿತ್ಸೆ ಸಿಗದಿದ್ದರೆ ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಹೃದಯದ ಕವಾಟಗಳನ್ನು ಹಾಳುಮಾಡುತ್ತೆ. ಮಾಹ್ಲರ್‌ಗೂ ಗಂಟಲಿನ ಸೋಂಕು ಮತ್ತೆ ಮತ್ತೆ ಕಾಡುತ್ತಿತ್ತು.

1897ರಲ್ಲಿ ಆತ ಕ್ಯಾಥೊಲಿಕ್ ಆಗಿ ಮತಾಂತರಗೊಂಡ, ಯಾಕಂದ್ರೆ ಯಹೂದಿಯಾಗಿದ್ದುಕೊಂಡು ವಿಯೆನ್ನಾದ ರಾಜ ಒಪೆರಾದ ನಿರ್ದೇಶಕನಾಗುವ ಹಾಗಿರಲಿಲ್ಲ. ಯಹೂದಿ ದ್ವೇಷವನ್ನೇ ಬಂಡವಾಳ ಮಾಡಿಕೊಂಡ ಕಾರ್ಲ್ ಲ್ಯೂಗರ್ ಆ ನಗರದ ಮೇಯರ್ ಆಗಿದ್ದೂ ಅದೇ ವರ್ಷ. ಮತಾಂತರವಾದರೂ ಪತ್ರಿಕೆಗಳ ಒಂದು ಗುಂಪು ಹತ್ತು ವರ್ಷ ಆತನ ಬೆನ್ನು ಬಿಡಲಿಲ್ಲ. 1907ರಲ್ಲಿ ಹುದ್ದೆ ಬಿಟ್ಟ. ಅದೇ ಬೇಸಿಗೆಯಲ್ಲಿ ನಾಲ್ಕು ವರ್ಷದ ಮಗಳು ಮರಿಯಾ ಸೋಂಕು ಜ್ವರಕ್ಕೆ ಬಲಿಯಾದಳು. ಕೆಲವೇ ದಿನಗಳಲ್ಲಿ ವೈದ್ಯರು ಆತನ ಕವಾಟದ ದೋಷವನ್ನೂ ಪತ್ತೆಮಾಡಿದರು. ಬೆಟ್ಟ ಹತ್ತುತ್ತಿದ್ದವನು ಹೆಜ್ಜೆ ಎಣಿಸಿ ನಡೆಯುವಂತಾಯಿತು. ಆದರೂ ನ್ಯೂಯಾರ್ಕಿಗೆ ಹೋಗಿ ಇನ್ನೂ ಮೂರು ವರ್ಷ ದುಡಿದ, 9ನೇ ಸಿಂಫನಿ ಬರೆದ. ಅಂದ್ರೆ, ಬರೀ ಕವಾಟದ ದೋಷದಿಂದ ಆತ ಸಾಯುತ್ತಿರಲಿಲ್ಲ.

1911ರಲ್ಲಿ ಜ್ವರ ಇಳಿಯದಿದ್ದಾಗ ಮೌಂಟ್ ಸೈನಾಯ್ ಆಸ್ಪತ್ರೆಯ ಇಮ್ಯಾನುಯೆಲ್ ಲಿಬ್ಮನ್‌ಗೆ ಕರೆಹೋಯಿತು. ಕಿರಿಯ ವೈದ್ಯ ಜಾರ್ಜ್ ಬೇರ್ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದ. ಕೆಲವು ದಿನಗಳಲ್ಲಿ ಕಾಣಿಸಿಕೊಂಡಿದ್ದು ಸ್ಟ್ರೆಪ್ಟೋಕಾಕಸ್ ವಿರಿಡಾನ್ಸ್. ನಿಜ ಮುಚ್ಚಿಡಬೇಡಿ ಅಂತ ಮಾಹ್ಲರ್ ಪಟ್ಟುಹಿಡಿದ. ಹೇಳಿದರು. ಮದ್ದು ಇರಲಿಲ್ಲ.

ಈ ಬ್ಯಾಕ್ಟೀರಿಯಾದ ಮನೆ ಬಾಯಿ, ಗಂಟಲು, ಹಲ್ಲಿನ ಪಾಚಿ. ವಸಡು ಊದಿ ರಕ್ತ ಒಸರುತ್ತಿದ್ದರೆ ಹಲ್ಲುಜ್ಜಿದರೂ, ಊಟ ಅಗಿದರೂ ಅದು ರಕ್ತಕ್ಕೆ ನುಸುಳಬಹುದು. ಸಾಮಾನ್ಯವಾಗಿ ದೇಹ ಅದನ್ನು ಸ್ವಲ್ಪ ಹೊತ್ತಿನಲ್ಲೇ ಹೊಸಕಿಹಾಕುತ್ತೆ. ಆದರೆ ಕವಾಟ ಮೊದಲೇ ಹಾಳಾಗಿ ಒರಟಾಗಿದ್ದರೆ ಅಲ್ಲಿನ ಸಣ್ಣ ಹೆಪ್ಪಿಗೆ ಅಂಟಿಕೊಂಡು ಗೂಡು ಕಟ್ಟುತ್ತೆ. ಗೂಡಿನ ಚೂರುಗಳು ಮಿದುಳಿಗೋ ಮೂತ್ರಪಿಂಡಕ್ಕೋ ಹೋಗಿ ರಕ್ತನಾಳ ಮುಚ್ಚುತ್ತವೆ. ಇದೇ ಎಂಡೋಕಾರ್ಡೈಟಿಸ್. ಇಷ್ಟು ಖಚಿತ. ವಸಡು ರೋಗದಿಂದ ಹೃದಯಾಘಾತವೂ ಆಗುತ್ತೆ ಅನ್ನೋದು ಮಾತ್ರ ಬೇರೆ ವಿಷಯ. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ನಿಜ, ಆದರೆ ತಂಬಾಕು, ಮಧುಮೇಹ, ಬಡತನ ಎರಡಕ್ಕೂ ಸಾಮಾನ್ಯ. ಒಂದರಿಂದಲೇ ಇನ್ನೊಂದು ಅಂತ ಸಾಬೀತಾಗಿಲ್ಲ ಎಂದು ಅಮೆರಿಕದ ಹೃದ್ರೋಗ ಸಂಘ 2012ರಲ್ಲೇ ಹೇಳಿದೆ.

ಮಾಹ್ಲರ್‌ನನ್ನು ಪ್ಯಾರಿಸ್‌ಗೆ, ಅಲ್ಲಿಂದ ವಿಯೆನ್ನಾಗೆ ಸಾಗಿಸಿದರು. ಪೆನ್ಸಿಲಿನ್ ಪತ್ತೆಯಾಗಿದ್ದು 1928ರಲ್ಲಿ, ಈ ಕಾಯಿಲೆಗೆ ಅದು ಸಿಕ್ಕಿದ್ದು 1940ರ ದಶಕದಲ್ಲಿ. ಇವತ್ತು ಶ್ರೀಮಂತ ದೇಶಗಳಲ್ಲಿ ರುಮ್ಯಾಟಿಕ್ ಜ್ವರ ಅಪರೂಪ, ಭಾರತದಲ್ಲಿ ಅದಿನ್ನೂ ಮಕ್ಕಳ ಕವಾಟ ಕೆಡಿಸುತ್ತಲೇ ಇದೆ.

ಹಲ್ಲನ್ನು ದೇಹದಿಂದ ಹೊರಗಿಡುವ ರಾಜಕೀಯವೂ ಹಳೆಯದು. ಬ್ರಿಟನ್ನಿನಲ್ಲಿ ಉಚಿತ ಆರೋಗ್ಯ ಸೇವೆ ಕಟ್ಟಿದ ಅನ್ಯೂರಿನ್ ಬೆವನ್ 1951ರಲ್ಲಿ ಸಚಿವ ಸ್ಥಾನ ಬಿಟ್ಟಿದ್ದು ಕಟ್ಟಿಸುವ ಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಿದರು ಅಂತ. ಮಾಹ್ಲರ್ ಕೊನೆಯ ಕಛೇರಿ ನಡೆಸಿದ ಅಮೆರಿಕದಲ್ಲಿ 1965ರ ಮೆಡಿಕೇರ್ ಕಾನೂನು ದಿನನಿತ್ಯದ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿತು. ಹೃದಯದ ಕವಾಟ ಬದಲಿಸುವ ಮುನ್ನ ಬಾಯಿಯ ಸೋಂಕು ತೆಗೆಯುವ ಖರ್ಚನ್ನು ತಾನು ಕೊಡುತ್ತೇನೆ ಅಂತ ಅದರ ನಿಯಮ ಸ್ಪಷ್ಟವಾಗಿ ಹೇಳಿದ್ದು 2023ರಲ್ಲಿ.